ಕೋಡಿಂಬಾಳದ ಬಿಸಿಲಿಗೆ ಒಂದು ರೀಲು

ಮಂಗಳೂರಿನಿಂದ ಪುತ್ತೂರು ದಾಟಿ ಸುಬ್ರಹ್ಮಣ್ಯ ರೋಡ್ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕೋಡಿಂಬಾಳ ಅನ್ನೋ ಪುಟ್ಟ ಸ್ಟೇಷನ್ ಸಿಗುತ್ತದೆ. ಕಡಬ ಪೇಟೆಗೆ ಹತ್ತಿರ. ಸುತ್ತ ಅಡಿಕೆ ತೋಟ, ರಬ್ಬರ್ ಹಾಕಿದ ಗುಡ್ಡ, ಆಚೆ ಕುಮಾರಧಾರಾ ಹೊಳೆ. ಸುಬ್ರಹ್ಮಣ್ಯಕ್ಕೆ ಹೋಗುವವರು ಕಿಟಕಿಯಿಂದ ನೋಡಿ ಮರೆತುಬಿಡುವ ಊರು. ನನಗೆ ಅದು ಅಮ್ಮನ ತವರುಮನೆ.

ಈ ಸಲ ಜನವರಿಯಲ್ಲಿ ಹೋದಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆಗೆ ಹಳೆಯ ಫಿಲ್ಮ್ ಕ್ಯಾಮೆರಾ ಇತ್ತು. ಅದರೊಳಗೆ ಇಲ್‌ಫೋರ್ಡ್ ಕಂಪನಿಯ ಪ್ಯಾನ್ ಎಫ್ ಪ್ಲಸ್ ಎಂಬ ಕಪ್ಪು ಬಿಳುಪು ರೋಲ್.

"ಎಂತ ಮಾರಾಯ, ರೀಲು ಈಗಲೂ ಸಿಗ್ತದಾ?" ಅಂದರು ಮಾವ.

"ಸಿಗ್ತದೆ ಮಾವ. ತೊಳೆಸಲಿಕ್ಕೆ ಮಾತ್ರ ಬೆಂಗಳೂರಿಗೇ ಹೋಗಬೇಕು."

ಪಕ್ಕದಲ್ಲಿದ್ದ ಅವರ ಮಗಳಿಗೆ ಈ ಮಾತೇ ಅರ್ಥ ಆಗಲಿಲ್ಲ. ಅವಳಿಗೆ ರೀಲ್ ಅಂದರೆ ಮೊಬೈಲಿನಲ್ಲಿ ಬೆರಳಿಂದ ಸರಿಸುವುದು, ಅದನ್ನು ತೊಳೆಸುವುದು ಎಂಥದ್ದು?

ಫಿಲ್ಮ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಜೆಲಟಿನ್, ಅದರೊಳಗೆ ಬೆಳ್ಳಿ ಲವಣದ ಸಣ್ಣ ಸಣ್ಣ ಹರಳುಗಳು. ಹರಳು ದೊಡ್ಡದಿದ್ದರೆ ಬೆಳಕನ್ನು ಬೇಗ ಹಿಡಿಯುತ್ತದೆ, ಆದರೆ ಚಿತ್ರ ಉಪ್ಪಿಟ್ಟಿನ ರವೆಯ ಹಾಗೆ ತರಿತರಿ. ಸಣ್ಣದಿದ್ದರೆ ಚಿತ್ರ ಚಿರೋಟಿ ರವೆಯಷ್ಟು ನಯ, ಆದರೆ ಬೆಳಕು ಜಾಸ್ತಿ ಬೇಕು. ನನ್ನ ಕ್ಯಾಮೆರಾದಲ್ಲಿದ್ದದ್ದು ಐಎಸ್‌ಒ 50ರ ಫಿಲ್ಮ್. ಐಎಸ್‌ಒ 400ರ ಫಿಲ್ಮಿಗಿಂತ ಅದಕ್ಕೆ ಎಂಟು ಪಟ್ಟು ಬೆಳಕು ಬೇಕು. ನಯವೂ ಬೇಕು, ವೇಗವೂ ಬೇಕು ಅಂದರೆ ಆಗುವುದಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಟ್ರೇಡ್‌ಆಫ್.

ಇಂಥ ನಯವಾದ ಫಿಲ್ಮುಗಳಿಗೆ ದೊಡ್ಡ ಅಭಿಮಾನಿ ಬಳಗವೇ ಇದೆ. ಕೊಡಾಕ್‌ನ ಪ್ಯಾನಟಾಮಿಕ್ ಎಕ್ಸ್ 1987ರಲ್ಲಿ ನಿಂತಿತು. 1935ರಲ್ಲಿ ಬಂದ ಕೊಡಾಕ್ರೋಮ್ 2009ರಲ್ಲಿ ನಿಂತಿತು. ಅವುಗಳ ಹೆಸರು ಹೇಳಿದರೆ ಇವತ್ತಿಗೂ ನಿಟ್ಟುಸಿರು ಬಿಡುವವರಿದ್ದಾರೆ. ನಮ್ಮ ಪಕ್ಕದಲ್ಲೇ, ಗುಂಡ್ಲುಪೇಟೆ ದಾಟಿ ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ, ಸರ್ಕಾರದ್ದೇ ಫಿಲ್ಮ್ ಕಾರ್ಖಾನೆ ಇತ್ತು: ಹಿಂದೂಸ್ತಾನ್ ಫೋಟೊ ಫಿಲ್ಮ್ಸ್. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿತು. ಅದರ ಬ್ರ್ಯಾಂಡಿನ ಹೆಸರು 'ಇಂದು'. ಕಾರ್ಖಾನೆ ಈಗ ಮುಚ್ಚಿದೆ.

ಫಿಲ್ಮಿನ ಹುಚ್ಚು ಈ ಕಡೆಗೆ ಹೊಸದೇನಲ್ಲ. 'ಡೊಮಿಂಗೊ', 'ಭೂತರಾಜ್ಯ' ಅಂತ 1930ರ ಆಸುಪಾಸಿನಲ್ಲಿ ಮೂಕಿ ಚಿತ್ರಗಳನ್ನು ಮಾಡಿದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ್ದು ಇಲ್ಲೇ ಪುತ್ತೂರಿನಲ್ಲಿ.

ಆದರೆ ಕೋಡಿಂಬಾಳದಂಥ ಊರಿನಲ್ಲಿ ಐಎಸ್‌ಒ 50 ಹಿಡಿದು ಓಡಾಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಇಲ್ಲಿ ಬೆಳಕು ಕಮ್ಮಿ. ಹೊರಗೆ ಸುಡು ಬಿಸಿಲಿದ್ದರೂ ತೋಟಕ್ಕೆ ಇಳಿದರೆ ಅಡಿಕೆ ಸೋಗೆ, ಕೊಕ್ಕೊ ಎಲೆ ಎಲ್ಲ ಸೇರಿ ಸಂಜೆ ಐದೂವರೆ ಆದ ಹಾಗೆ. ಮನೆಯ ಒಳಗೆ ಇನ್ನೂ ಕತ್ತಲು, ಮಳೆಗೆ ಹೆದರಿ ಮಾಡನ್ನು ಅಷ್ಟು ಕೆಳಗೆ ಇಳಿಸಿರುತ್ತಾರೆ. ಉಳಿಯುವುದು ಅಂಗಳ ಒಂದೇ. ಅಡಿಕೆ ಹರವುವುದೂ ಅಲ್ಲಿಯೇ, ನಲವತ್ತು ನಲವತ್ತೈದು ದಿನ. ಅಡಿಕೆಗೆ ಬೇಕಾದ ಬಿಸಿಲೇ ನನ್ನ ಫಿಲ್ಮಿಗೂ ಬೇಕು. ಅಲ್ಲಿ ತೆಗೆದ ಚಿತ್ರದಲ್ಲಿ ಒಣಗಿದ ಸಿಪ್ಪೆಯ ನಾರು ನಾರೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿದೆ.

ಆಮೇಲೆ ಚಾವಡಿಯ ಗೋಡೆ ನೋಡಿದೆ. ಅಲ್ಲಿ ತೂಗುಹಾಕಿದ ಫೋಟೊಗಳೆಲ್ಲ ಅಂಗಳದಲ್ಲೇ ತೆಗೆದವು! ಹೊರಗೆ ತಂದಿಟ್ಟ ಬೆಂಚು, ಅದರ ಮೇಲೆ ಸಾಲಾಗಿ ಕೂತ ಹಿರಿಯರು, ಬಿಸಿಲಿಗೆ ಕಿರಿದಾದ ಕಣ್ಣು, ಒಬ್ಬರ ಮುಖದಲ್ಲೂ ನಗು ಇಲ್ಲ. ಹಳೆ ಕಾಲದವರು ಗಂಭೀರ ಅಂದುಕೊಂಡಿದ್ದೆ. ಅರ್ಧ ಗಾಂಭೀರ್ಯ ಅವರದ್ದು, ಇನ್ನರ್ಧ ಬಿಸಿಲಿನದ್ದು.

ಅಜ್ಜಿಯ ಫೋಟೊ ಅಲ್ಲಿ ಒಂದೇ ಒಂದು. ಒಳ್ಳೆಯ ಸೀರೆ, ಮಡಿಲಲ್ಲಿ ಕೈ. ನಾನು ಕಂಡ ಅಜ್ಜಿ ಹಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ಒಲೆಯ ಮುಂದೆ, ಸಂಜೆಯೂ ಒಲೆಯ ಮುಂದೆ. ಆ ಅಜ್ಜಿ ಯಾವ ಫೋಟೊದಲ್ಲೂ ಇಲ್ಲ.

ಯಾಕಿಲ್ಲ ಅಂತ ಅಡುಗೆಮನೆಗೆ ಹೋಗಿ ಬೆಳಕು ಅಳೆದೆ. ಲೆನ್ಸ್ ಪೂರ್ತಿ ತೆರೆದರೂ ನನ್ನ ಫಿಲ್ಮಿಗೆ ಒಂದು ಸೆಕೆಂಡ್ ಬೇಕು. ಒಂದು ಸೆಕೆಂಡ್ ಅಲುಗದೆ ನಿಲ್ಲಬೇಕು. ಕಾವಲಿಯ ಮೇಲೆ ದೋಸೆ ಇರುವಾಗ ಯಾರು ನಿಲ್ಲುತ್ತಾರೆ? ಫ್ಲ್ಯಾಶ್ ಇತ್ತು ನಿಜ, ಮದುವೆಗೆ ಬರುವ ಫೋಟೊಗ್ರಾಫರ್ ಹತ್ತಿರ. ಒಬ್ಬ ಹೆಂಗಸು ದೋಸೆ ಹೊಯ್ಯುವುದನ್ನು ತೆಗೆಯಲು ಅವರನ್ನು ಯಾರೂ ಕರೆಸುತ್ತಿರಲಿಲ್ಲ.

ಅದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಅತ್ತೆಯ ಫೋಟೊ ತೆಗೆದೆ. ಹಲವು ಶಾಟ್‌ಗಳನ್ನು ಸೇರಿಸಿ ಅದು ಕತ್ತಲಲ್ಲೂ ಚಿತ್ರ ಮಾಡಿಕೊಡುತ್ತದೆ. "ಇಲ್ಲಿ ಎಂತ ಉಂಟು ಅಂತ ತೆಗೆಯುದು ನೀನು?" ಅಂದರು ಅತ್ತೆ. ನಕ್ಕದ್ದೂ ಫೋಟೊದಲ್ಲಿ ಬಂತು.

ಈಗ ನಾವು ಮೊಬೈಲ್ ಫೋಟೊಗೆ ಫಿಲ್ಟರ್ ಹಾಕಿ ಗ್ರೇನ್ ತರಿಸುತ್ತೇವೆ. ಯಾವ ತರಿಯನ್ನು ಕಮ್ಮಿ ಮಾಡಲು ಫಿಲ್ಮ್ ಕಂಪನಿಗಳು ದಶಕಗಟ್ಟಲೆ ದುಡಿದವೋ ಅದನ್ನೇ ಒಂದು ಬಟನ್ ಒತ್ತಿ ವಾಪಸ್ ಕರೆಯುತ್ತೇವೆ. ತಪ್ಪೇನಿಲ್ಲ, ನನಗೂ ಇಷ್ಟ. ಆದರೆ ಹಳೆಯದರ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಮಾಡಬೇಕಾದ ಕೆಲಸ ಬೇರೆ ಇದೆ.

ಮಾವನ ಕಪಾಟಿನಲ್ಲಿ ಒಂದು ಬಿಸ್ಕೆಟ್ ಡಬ್ಬ ಇತ್ತು. ಅದರ ತುಂಬ ನೆಗೆಟಿವ್. ಕೆಲವು ಒಂದಕ್ಕೊಂದು ಅಂಟಿವೆ, ಕೆಲವಕ್ಕೆ ಜೇಡರ ಬಲೆಯ ಹಾಗೆ ಬೂಸ್ಟು ಹಿಡಿದಿದೆ. ಜೆಲಟಿನ್ ಅಂದರೆ ಬೂಸ್ಟಿಗೆ ಊಟ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಪ್ರತಿ ಮಳೆಗಾಲವೂ ಒಂದಿಷ್ಟು ಮುಖಗಳನ್ನು ತಿಂದುಹಾಕುತ್ತದೆ. ಅಂಟಿದ್ದನ್ನು ನಾನು ಬಿಡಿಸಲು ಹೋಗಲಿಲ್ಲ. ಎಳೆದರೆ ಚಿತ್ರವೇ ಕಿತ್ತು ಬರುತ್ತದೆ, ಅದು ತಿಳಿದವರ ಕೆಲಸ.

ಉಳಿದದ್ದಕ್ಕೆ ದೊಡ್ಡ ಸ್ಕ್ಯಾನರ್ ಏನೂ ಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆಯಿರಿ. ನೆಗೆಟಿವನ್ನು ಅಂಚಿನಲ್ಲಷ್ಟೇ ಹಿಡಿದು ಪರದೆಯಿಂದ ಸ್ವಲ್ಪ ದೂರವಿಡಿ, ಇಲ್ಲದಿದ್ದರೆ ಪರದೆಯ ಚುಕ್ಕಿಗಳೂ ಬರುತ್ತವೆ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ಎಡಿಟ್ ಆ್ಯಪಿನಲ್ಲಿ ಬಣ್ಣ ತಿರುಗುಮುರುಗು ಮಾಡಿ. ಮತ್ತೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ನಾನು ಎರಡು ಮಧ್ಯಾಹ್ನಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರ ಉಳಿಸಿದೆ. ಒಂದರಲ್ಲಿ ಬೆಂಚಿನ ಹಿಂದೆ ಬಾಗಿಲು ತೆರೆದಿದೆ, ಒಳಗೆ ಬರೀ ಕಪ್ಪು. ಆ ಕಪ್ಪಿನಲ್ಲೇ ಎಲ್ಲೋ ಅಡುಗೆಮನೆ ಇದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬ ಇರಬಹುದು. ಈ ಸಲ ಊರಿಗೆ ಹೋದಾಗ ಮಳೆ ಹಿಡಿಯುವ ಮೊದಲು ಅದು ಎಲ್ಲಿದೆ ಅಂತ ಕೇಳಿ. ಹಾಗೇ ಮೊಬೈಲ್ ಹಿಡಿದು ಒಂದು ಸಲ ಅಡುಗೆಮನೆಗೂ ಹೋಗಿ ಬನ್ನಿ.