ಉಪಶಮನವೂ ಒಂದು ಅನುಗ್ರಹ

ಕಾಯಿಲೆಯವರನ್ನು ಕಂಡಾಗ ಜನರು ಕೇಳುವ ಪ್ರಶ್ನೆ ಒಂದೇ: “ಗುಣವಾಯಿತೇ?” ಜ್ವರ, ನೆಗಡಿಗಳ ವಿಷಯದಲ್ಲಿ ಹೌದು ಅಥವಾ ಇಲ್ಲ ಎಂದರೆ ಸಾಕು. ಆದರೆ ಇವೆರಡರ ನಡುವೆ ಇನ್ನೊಂದು ಸ್ಥಿತಿಯೂ ಇದೆ. ಲೂಪಸ್ ಎಂಬ ಕಾಯಿಲೆಯೊಂದಿಗೆ 11 ವರ್ಷಗಳಿಂದ ಬದುಕುತ್ತಿರುವ ನಾನು ಈಗ ಆ ಸ್ಥಿತಿಯಲ್ಲಿದ್ದೇನೆ. ವೈದ್ಯರು ಅದನ್ನು ‘ರೆಮಿಷನ್’ ಎನ್ನುತ್ತಾರೆ. ಕನ್ನಡದಲ್ಲಿ ಉಪಶಮನ ಎನ್ನಬಹುದು. ಈ ಒಂದು ಪದದ ಅರ್ಥವನ್ನು ರೋಗಿಯೂ ಮನೆಯವರೂ ಸರಿಯಾಗಿ ತಿಳಿದುಕೊಳ್ಳುವುದು ಬಹಳ ಮುಖ್ಯ.

ದೇಹವನ್ನು ರೋಗಾಣುಗಳಿಂದ ಕಾಯಲು ಅಲ್ಲಾಹನು ನಮ್ಮೊಳಗೆ ಒಂದು ಕಾವಲು ಪಡೆಯನ್ನು ಇಟ್ಟಿದ್ದಾನೆ. ಲೂಪಸ್‌ನಲ್ಲಿ ಆ ಪಡೆಯೇ ದಿಕ್ಕು ತಪ್ಪಿ ಸ್ವಂತ ಮನೆಯ ಮೇಲೆ ಏರಿ ಬರುತ್ತದೆ. ಕೀಲು, ಚರ್ಮ, ರಕ್ತ, ಮೂತ್ರಪಿಂಡ, ಹೃದಯ, ಮೆದುಳು ಯಾವುದನ್ನೂ ಅದು ಬಾಧಿಸಬಹುದು. ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಈ ಕಾಯಿಲೆಗೆ ತುತ್ತಾಗುವ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಅದೂ ಹೆಚ್ಚಾಗಿ 15ರಿಂದ 45ರ ಪ್ರಾಯದವರು.

ನನ್ನಲ್ಲಿ ಅದು ಬೆರಳುಗಳಿಂದ ಆರಂಭವಾಯಿತು. ಬೆಳಿಗ್ಗೆ ಸೀಮೆಸುಣ್ಣ ಹಿಡಿಯಲಾಗುತ್ತಿರಲಿಲ್ಲ. ಬೆಳಗಾವಿಯ ಚಳಿಗಾಲದಲ್ಲಿ ಫಜ್ರ್‌ನ ವುಝೂ ಮಾಡಿದರೆ ಬೆರಳ ತುದಿಗಳು ಬೆಳ್ಳಗಾಗಿ, ಬಳಿಕ ನೀಲಿಗಟ್ಟುತ್ತಿದ್ದವು. ಆಟೋ ನಗರದ ಬಿಸಿಲಿನಲ್ಲಿ ಗ್ಯಾರೇಜುಗಳ ಸಾಲು ದಾಟಿ ಶಾಲೆಗೆ ನಡೆದುಹೋದ ದಿನ ಮೂಗಿನ ಇಕ್ಕೆಲಗಳಲ್ಲಿ ಚಿಟ್ಟೆಯ ರೆಕ್ಕೆಯಂತೆ ಕೆಂಪು ಮೂಡುತ್ತಿತ್ತು. ಕೂದಲು ಉದುರಿತು. ಕೊನೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆಗಳಿಂದ ಲೂಪಸ್ ಎಂದೂ, ಅದು ಮೂತ್ರಪಿಂಡವನ್ನು ಮುಟ್ಟಿದೆಯೆಂದೂ ತಿಳಿಯಿತು. ಸ್ಟೀರಾಯ್ಡ್‌ನಿಂದ ಮುಖ ಊದಿ, ಖಾನಾಪುರದ ತವರಿನವರಿಗೇ ಗುರುತು ಸಿಗದಂತಾದೆ. ಎರಡು ವರ್ಷಗಳ ನಂತರ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ನಿಂತಿತು. ಅಲ್‌ಹಮ್ದುಲಿಲ್ಲಾಹ್, ನೋವೂ ಇಳಿಯಿತು.

ಹಾಗಾದರೆ ಕಾಯಿಲೆ ಹೋಯಿತೇ? ಇಲ್ಲ. ವಿವಿಧ ದೇಶಗಳ ತಜ್ಞರು ಕೂಡಿ 2021ರಲ್ಲಿ ಲೂಪಸ್‌ನ ಉಪಶಮನಕ್ಕೆ ಒಂದು ವ್ಯಾಖ್ಯೆಯನ್ನು ಪ್ರಕಟಿಸಿದರು. ಕಾಯಿಲೆ ಸಕ್ರಿಯವಾಗಿರುವ ಯಾವ ಲಕ್ಷಣವೂ ರೋಗಿಯಲ್ಲಿ ಇರಬಾರದು, ವೈದ್ಯರ ಒಟ್ಟು ಅಂದಾಜಿನಲ್ಲಿಯೂ ಅದು ತಣ್ಣಗಿರಬೇಕು. ಆದರೆ ಔಷಧ ನಿಂತಿರಬೇಕೆಂಬ ಷರತ್ತು ಅದರಲ್ಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ, ದಿನಕ್ಕೆ 5 ಮಿಲಿಗ್ರಾಂ ಮೀರದ ಪ್ರೆಡ್ನಿಸೊಲೋನ್, ಪ್ರತಿರಕ್ಷೆಯನ್ನು ತಗ್ಗಿಸುವ ಇತರ ಔಷಧಗಳು ಸ್ಥಿರ ಪ್ರಮಾಣದಲ್ಲಿ ನಡೆಯುತ್ತಿದ್ದರೂ ಅದು ಉಪಶಮನವೇ. ನಮ್ಮ ಹಿರಿಯರು ಹೇಳುವ ಬೂದಿ ಮುಚ್ಚಿದ ಕೆಂಡ ಇದೇ. ಕೆಂಡ ಆರಿಲ್ಲ, ಉರಿಯುತ್ತಲೂ ಇಲ್ಲ. ಬೂದಿಯನ್ನು ಕೆದಕದಿರುವುದೇ ಜಾಣತನ.

ಮುಖದ ಊತ ಇಳಿದಾಗ ಸಂತೋಷಪಟ್ಟ ಖಾಲಾ ಒಬ್ಬರು ಖಾನಾಪುರದಿಂದ ಬಂದು ನನ್ನ ಕೈ ಹಿಡಿದು ಕೇಳಿದರು: “ಅಲ್ಲಾಹನು ಶಿಫಾ ಕೊಟ್ಟಾಯಿತಲ್ಲ ಮಗಳೇ. ಇನ್ನೂ ಗುಳಿಗೆ ನುಂಗುತ್ತಿದ್ದರೆ ತವಕ್ಕುಲ್‌ಗೆ ಕೊರತೆಯಲ್ಲವೇ?” ಪ್ರೀತಿಯಿಂದ ಕೇಳಿದ ಮಾತದು. ಮಕ್ಕಳಿಗೆ ವರ್ಷಗಳಿಂದ ತವಕ್ಕುಲ್‌ನ ಪಾಠ ಹೇಳುವವಳಾದ್ದರಿಂದ ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ.

1991ರಲ್ಲಿ ಕೆನಡಾದ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುತ್ತಾ ಕಾಯಿಲೆ ಸ್ಥಿರವಾಗಿದ್ದ 47 ಮಂದಿ ಅದರಲ್ಲಿದ್ದರು. 25 ಮಂದಿಗೆ ಅದೇ ಗುಳಿಗೆ ಮುಂದುವರಿಯಿತು. 22 ಮಂದಿಗೆ ಔಷಧವಿಲ್ಲದ ಹುಸಿ ಗುಳಿಗೆ ನೀಡಲಾಯಿತು. ಆರು ತಿಂಗಳೊಳಗೆ ಹುಸಿ ಗುಳಿಗೆಯ 22 ಮಂದಿಯಲ್ಲಿ 16 ಮಂದಿಗೆ ಕಾಯಿಲೆ ಮರುಕಳಿಸಿತು. ಗುಳಿಗೆ ಮುಂದುವರಿಸಿದ 25 ಮಂದಿಯಲ್ಲಿ 9 ಮಂದಿಗೆ ಮರುಕಳಿಸಿತು. ಈ ಎರಡು ಸಂಖ್ಯೆಗಳನ್ನು ನಾನು ಖಾಲಾರವರ ಮುಂದಿಟ್ಟೆ. ಗುಳಿಗೆ ನುಂಗಿದವರಲ್ಲೂ 9 ಮಂದಿ ನರಳಿದರೆಂದರೆ ಗುಳಿಗೆಯು ಒಡೆಯನಲ್ಲ, ಶಿಫಾ ಅಲ್ಲಾಹನ ಕೈಯಲ್ಲಿದೆ. ಗುಳಿಗೆ ತಪ್ಪಿದವರಲ್ಲಿ 16 ಮಂದಿ ನರಳಿದರೆಂದರೆ, ಅವನೇ ಇಟ್ಟ ಸಾಧನವನ್ನು ಎಸೆಯುವುದು ತವಕ್ಕುಲ್ ಅಲ್ಲ.

ಪ್ರವಾದಿ ಅಯ್ಯೂಬ್(ಅ)ರ ಸಹನೆಯನ್ನು ನಾವು ಸದಾ ನೆನೆಯುತ್ತೇವೆ. ಅವರ ಶಮನ ಹೇಗೆ ಬಂತೆಂಬುದನ್ನೂ ನೆನೆಯಬೇಕು. ಅವರ ಪ್ರಾರ್ಥನೆಗೆ ಉತ್ತರವಾಗಿ, ಕಾಲಿನಿಂದ ನೆಲವನ್ನು ಬಡಿಯುವಂತೆ ಆದೇಶವಾಯಿತು. ಸ್ನಾನಕ್ಕೂ ಕುಡಿಯಲಿಕ್ಕೂ ತಣ್ಣನೆಯ ನೀರು ದೊರೆಯಿತು. ಏನೂ ಇಲ್ಲದೆಯೇ ಗುಣಪಡಿಸಬಲ್ಲ ಪ್ರಭುವು ತನ್ನ ಪ್ರವಾದಿಗೂ ಒಂದು ಸಾಧನದ ಮೂಲಕವೇ ಶಮನ ನೀಡಿದನು. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದವರು ನಮ್ಮ ಪ್ರವಾದಿ(ಸ). ಚಿಕಿತ್ಸೆ ಪಡೆಯಿರಿ ಎಂದು ಸಹಾಬಿಗಳಿಗೆ ಆದೇಶಿಸಿದವರೂ ಅವರೇ.

ಗುಳಿಗೆಯೂ ಒಂದು ನಿಅ್‌ಮತ್ ಎಂಬುದು 2020ರ ಲಾಕ್‌ಡೌನ್‌ನಲ್ಲಿ ಮನವರಿಕೆಯಾಯಿತು. ಕೊರೋನಾಕ್ಕೆ ಮದ್ದೆಂಬ ಸುದ್ದಿ ಹಬ್ಬಿ, ನಾನು ನಿತ್ಯ ನುಂಗುವ ಗುಳಿಗೆ ಔಷಧದಂಗಡಿಗಳಲ್ಲಿ ಸಿಗದಂತಾಯಿತು. ಆ ದಿನಗಳಲ್ಲಿ ಉಳಿದ ಪಟ್ಟಿಯ ಗುಳಿಗೆಗಳನ್ನು ಎಣಿಸುತ್ತಾ ದುಆ ಮಾಡಿದ್ದೇನೆ.

ರಮಝಾನ್ ಬಂದಾಗ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ನೋಡಲು ಆರೋಗ್ಯವಾಗಿರುವ ಹೆಣ್ಣುಮಗಳು ಉಪವಾಸ ಹಿಡಿಯದಿದ್ದರೆ ಮನೆಯಲ್ಲಿ ಪಿಸುಮಾತು ಏಳುತ್ತದೆ. ಅವಳು ಅಡುಗೆಮನೆಯ ಮೂಲೆಯಲ್ಲಿ ಕದ್ದು ನೀರು ಕುಡಿಯುತ್ತಾಳೆ. ರೋಗಿಯು ಬೇರೆ ದಿನಗಳಲ್ಲಿ ಆ ಸಂಖ್ಯೆಯನ್ನು ಪೂರ್ತಿಗೊಳಿಸಲಿ ಎಂಬ ರಿಯಾಯಿತಿಯನ್ನು ಸೂರಃ ಅಲ್‌ಬಕರಃದಲ್ಲಿ ನೀಡಿದವನು ಅಲ್ಲಾಹನು. ಅವನು ಕೊಟ್ಟದ್ದನ್ನು ಪಡೆಯಲು ನಾಚಿಕೆ ಏಕೆ? ನಾನು ಶಅ್‌ಬಾನ್‌ನಲ್ಲೇ ವೈದ್ಯರನ್ನು ಕಂಡು ಕೇಳುತ್ತೇನೆ. ಕೆಲವು ವರ್ಷ ಉಪವಾಸ ಹಿಡಿದಿದ್ದೇನೆ, ಕೆಲವು ವರ್ಷ ಬಿಟ್ಟಿದ್ದೇನೆ. ಎಂದೂ ಹಿಡಿಯಲಾಗದವರಿಗೆ ಬಡವರಿಗೆ ಉಣಿಸುವ ಫಿದ್ಯಃದ ದಾರಿಯಿದೆ.

ಇಂತಹ ಸಹೋದರಿಯರಲ್ಲಿ ನನ್ನ ವಿನಂತಿ ಇಷ್ಟೆ. ಸ್ಟೀರಾಯ್ಡನ್ನು ಎಂದೂ ನೀವಾಗಿಯೇ ಒಮ್ಮೆಲೇ ನಿಲ್ಲಿಸದಿರಿ. ಅದರಿಂದ ಪ್ರಾಣಕ್ಕೇ ಅಪಾಯವಿದೆ. ಚೆನ್ನಾಗಿದ್ದಾಗಲೂ ಮೂತ್ರ ಮತ್ತು ರಕ್ತದ ತಪಾಸಣೆ ತಪ್ಪಿಸದಿರಿ, ಏಕೆಂದರೆ ಮೂತ್ರಪಿಂಡವು ನೋವಿಲ್ಲದೆ ಕೆಡಬಲ್ಲದು. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಲಿ. ಬಿಸಿಲಿನಿಂದ ದೂರವಿರಿ. ಮಗು ಬೇಕೆನ್ನುವವರು ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿರುವಾಗ, ವೈದ್ಯರ ಸಲಹೆ ಪಡೆದು ಮುಂದುವರಿಯಲಿ. ಮನೆಯವರಲ್ಲಿಯೂ ಒಂದು ಮಾತು: ಲೂಪಸ್‌ನ ಆಯಾಸ ಕಣ್ಣಿಗೆ ಕಾಣದು. ಅದನ್ನು ಸೋಮಾರಿತನವೆಂದು ಕರೆಯದಿರಿ.

ಪೂರ್ಣ ಶಿಫಾಕ್ಕಾಗಿ ನಾನು ಇಂದಿಗೂ ದುಆ ಮಾಡುತ್ತೇನೆ. ಅದು ದೊರೆಯುವವರೆಗೆ, ನೋವಿಲ್ಲದೆ ಸುಜೂದ್‌ಗೆ ಬಾಗುವ ಪ್ರತಿ ದಿನಕ್ಕೂ ಶುಕ್ರ್ ಸಲ್ಲಿಸಬೇಕಿದೆ. ರಾತ್ರಿ ಬಿಸ್ಮಿಲ್ಲಾಹ್ ಹೇಳಿ ನುಂಗುವ ಗುಳಿಗೆಯೂ ಆ ಶುಕ್ರ್‌ನ ಭಾಗವೇ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಮನವನ್ನೂ, ಅವರ ಆರೈಕೆ ಮಾಡುವವರಿಗೆ ಸಹನೆಯನ್ನೂ ಅನುಗ್ರಹಿಸಲಿ. ಆಮೀನ್.