ಇನ್ನೂರಿಪ್ಪತ್ತೈದಕ್ಕೆ ಎಂಬತ್ತೇಳು

ಕೊನೆಮೊದಲಿಲ್ಲದ ಆಕಾಶದ ಚಿತ್ರ ಬರೆದು, ಅದನ್ನು ಇನ್ನೂರಿಪ್ಪತ್ತೈದೇ ಪ್ರತಿ ಅಚ್ಚು ಹಾಕಿ, ಇನ್ನು ಮೇಲೆ ಒಂದೂ ಹಾಕುವುದಿಲ್ಲ ಎಂದು ಆಣೆಯಿಟ್ಟು ಮಾರುವ ಜನ ಇದ್ದಾರೆ. ಅದನ್ನು ನಂಬಿ ಕೊಳ್ಳುವ ಜನವೂ ಇದ್ದಾರೆ. ನಾನು ಎರಡನೆಯ ಗುಂಪಿನವನು. ಶನಿಗ್ರಹ, ಗಗನನೌಕೆ, ಚಂದ್ರನ ಮೇಲೆ ಮನುಷ್ಯ ಊರಿದ ಹೆಜ್ಜೆ, ಇಂಥವುಗಳ ಮಿತಪ್ರತಿ ಚಿತ್ರಗಳನ್ನು ಕೂಡಿಹಾಕುವುದು ನನ್ನ ಚಟ. ಹವ್ಯಾಸ ಎನ್ನಬಹುದಿತ್ತು, ಆದರೆ ಹವ್ಯಾಸಕ್ಕೆ ಮನೆಯವರ ಒಪ್ಪಿಗೆ ಇರುತ್ತದೆ.

ಇಂಥ ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ, ಎಡಗಡೆಗೆ, ಪೆನ್ಸಿಲ್ಲಿನಲ್ಲಿ ಬರೆದ ಒಂದು ಭಿನ್ನರಾಶಿ ಇರುತ್ತದೆ: 87/225. ಬಲಗಡೆಗೆ ಕಲಾವಿದನ ರುಜು. ಅಷ್ಟು ಬಣ್ಣ ಸುರಿದು ಮಾಡಿದ ಚಿತ್ರಕ್ಕೆ ರುಜು ಹಾಕಲು ಬಡಪಾಯಿ ಪೆನ್ಸಿಲ್ಲೇ ಏಕೆ? ಶಾಯಿ ಬಿಸಿಲಿಗೆ ಮಾಸುತ್ತದೆ, ಪೆನ್ಸಿಲ್ಲಿನ ಸೀಸ ಮಾಸುವುದಿಲ್ಲ. ಜೊತೆಗೆ ಪೆನ್ಸಿಲ್ಲಿನ ಮೊನೆ ಕಾಗದವನ್ನು ಕೊಂಚ ಒತ್ತಿ ಹೋಗಿರುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದರೆ ಆ ತಗ್ಗು ಕಾಣುತ್ತದೆ. ಒಬ್ಬ ಮನುಷ್ಯ ಇಲ್ಲಿ ಕೈಯೂರಿದ್ದ ಎನ್ನಲು ಅದೊಂದೇ ಪುರಾವೆ.

ಅಪ್ಪ ತಿಪಟೂರಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟರಾಗಿ ನಿವೃತ್ತರಾದವರು. ಟೆಕ್ಸಾಸಿನ ಕಾಪೆಲ್ಲಿನ ನಮ್ಮ ಮನೆಗೆ ಬಂದಾಗ ಅವರ ಕಣ್ಣು ಶನಿಯ ಉಂಗುರಗಳ ಮೇಲೆ ಬೀಳಲಿಲ್ಲ, ನೇರವಾಗಿ ಆ ಅಂಕಿಯ ಮೇಲೆ ಬಿತ್ತು. ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. "ಇನ್ನೂರಿಪ್ಪತ್ತೈದಕ್ಕೆ ಎಂಬತ್ತೇಳೇನೋ? ಶೇಕಡಾ ಮೂವತ್ತೆಂಟು ಚಿಲ್ಲರೆ. ಜಸ್ಟ್ ಪಾಸು. ಇದಕ್ಕೆ ಕಟ್ಟು ಬೇರೆ ಹಾಕಿಸಿದ್ದೀಯಲ್ಲ!" ಅವರ ಮೇಷ್ಟರಿಕೆಯಲ್ಲಿ ಮೂವತ್ತೈದು ದಾಟಿದವನು ಬದುಕಿಕೊಂಡ, ದಾಟದವನು ಸೆಪ್ಟೆಂಬರಿಗೆ ಕಟ್ಟಿದ, ನಡುವೆ ಮೂರನೆಯ ಜಾತಿಯಿಲ್ಲ.

ಸಂಗ್ರಾಹಕರ ಲೋಕದಲ್ಲಿ ಈ ಲೆಕ್ಕ ತಲೆಕೆಳಗು. ಅಂಕ ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು. ಒಂದನೇ ನಂಬರಿನ ಪ್ರತಿ ಸಿಕ್ಕವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇದಕ್ಕೆ ಹಿಂದೆ ಕಾರಣವೂ ಇತ್ತು. ತಾಮ್ರದ ತಗಡಿನ ಮೇಲೆ ಸೂಜಿಯಲ್ಲಿ ಗೀರಿ ಅಚ್ಚು ತೆಗೆಯುವಾಗ ಗೀರಿನ ಅಂಚಿಗೆ ತಾಮ್ರದ ಸಣ್ಣ ಪೊರೆ ಏಳುತ್ತದೆ. ಮಸಿ ಹಿಡಿದು ಕಪ್ಪಿಗೆ ಮೆದುತನ ಕೊಡುವುದು ಆ ಪೊರೆಯೇ. ಒತ್ತಿದಂತೆಲ್ಲ ಅದು ಸವೆದು ಆಮೇಲಿನ ಪ್ರತಿಗಳು ಸಪ್ಪೆಯಾಗುತ್ತವೆ. ಸ್ಕ್ರೀನ್ ಪ್ರಿಂಟಿಗೆ ಆ ಭಯವಿಲ್ಲ. ಹಾಳೆಗಳೆಲ್ಲ ಒಣಗಿದ ಮೇಲೆ, ಮೊದಲು ಬಿದ್ದದ್ದು ಯಾವುದು ಕೊನೆಗೆ ಬಿದ್ದದ್ದು ಯಾವುದು ಎಂಬ ಗೊಡವೆಯಿಲ್ಲದೆ, ಕಂತೆಯ ಮೇಲಿನಿಂದ ಒಂದು ಎರಡು ಎಂದು ಬರೆದುಕೊಂಡು ಹೋಗುವುದೂ ಉಂಟು. ಆದರೂ ನಾವು ಅಂಕಿಮೋಹಿಗಳು ಅಂಕಿ ನೋಡಿಯೇ ಜೊಲ್ಲು ಸುರಿಸುತ್ತೇವೆ.

ಆ ಶನಿಗ್ರಹವನ್ನು ಕೊಂಡದ್ದು ಆಸ್ಟಿನ್ನಿನಲ್ಲಿ. ಸಂಗೀತಕ್ಕೂ ಸಿನಿಮಾಕ್ಕೂ ಕೈಯಿಂದ ಪೋಸ್ಟರ್ ಅಚ್ಚು ಹಾಕುವ ಚಾಳಿ ಆ ಊರಿನದು. ಅಲ್ಲಿ ಹುಟ್ಟಿದ ಮಾಂಡೋ ಸಂಸ್ಥೆಯ ಸಿನಿಮಾ ಪೋಸ್ಟರುಗಳು ಮಾರಾಟಕ್ಕಿಟ್ಟ ನಿಮಿಷಗಳಲ್ಲೇ ಖಾಲಿಯಾಗುತ್ತಿದ್ದವು. ಮನೆಗೆ ಬಂದು ರಟ್ಟಿನ ಕೊಳವೆಯ ಮುಚ್ಚಳ ತೆಗೆದರೆ ಮೊದಲು ಹೊರಬರುವುದು ಮಸಿಯ ವಾಸನೆ, ಆಮೇಲೆ ಚಿತ್ರ. ಸುರುಳಿ ಸುತ್ತಿಕೊಂಡ ದಪ್ಪ ಕಾಗದ ಮೈಚೆಲ್ಲಿ ಮಲಗಲು ಒಪ್ಪುವುದಿಲ್ಲ. ಒಂದು ಮೂಲೆಗೆ ಕುಟ್ಟಾಣಿ, ಇನ್ನೊಂದಕ್ಕೆ ಚಟ್ನಿಪುಡಿ ಡಬ್ಬಿ, ಮೂರನೆಯದಕ್ಕೆ ಸಂಕ್ಷಿಪ್ತ ಕನ್ನಡ ನಿಘಂಟು, ನಾಲ್ಕನೆಯದಕ್ಕೆ ನಾನೇ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪರದೆ. ಒಂದು ಒಣಗಿದ ಮೇಲೆ ಅದರ ಮೇಲೊಂದು. ಉಗುರಾಡಿಸಿದರೆ ಉಂಗುರದ ಅಂಚಿನಲ್ಲಿ ಮಸಿಯ ಸಣ್ಣ ದಿಣ್ಣೆ ತಾಗುತ್ತದೆ. ಎಡಗಡೆ ಒಂದು ಕಡೆ ಕಿತ್ತಳೆ ಬಣ್ಣ ಕಪ್ಪಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕಿದೆ. ಪರದೆ ಅಷ್ಟು ಸರಿದಿದೆ. ಬೇರೆ ಪ್ರತಿಗಳಲ್ಲಿ ಹೀಗಿಲ್ಲದಿರಬಹುದು. ಇದ್ದರೆ ನನಗೆ ಹೊಟ್ಟೆಕಿಚ್ಚು.

ಶನಿಯ ಬಲಕ್ಕೆ, ಹುಡುಕಿದರಷ್ಟೇ ಕಾಣುವಂತೆ, ವಾಯೇಜರ್ ನೌಕೆ ಇದೆ. ಮಿತಪ್ರತಿಗಳ ಮಹಾಗುರು ಅದರ ಮೈಗೇ ಅಂಟಿಕೊಂಡಿದೆ: 1977ರಲ್ಲಿ ಹಾರಿದ ಎರಡು ವಾಯೇಜರುಗಳಿಗೂ ಒಂದೊಂದರಂತೆ ಕಟ್ಟಿ ಕಳಿಸಿದ, ಚಿನ್ನದ ಲೇಪದ ತಾಮ್ರದ ತಟ್ಟೆ. ಹನ್ನೆರಡು ಅಂಗುಲದ ಗ್ರಾಮಫೋನ್ ಪ್ಲೇಟು. ಮೇಲಿನ ಹೊದಿಕೆಯಲ್ಲಿ ಅದನ್ನು ನುಡಿಸುವುದು ಹೇಗೆ, ನಮ್ಮ ಸೂರ್ಯ ಇರುವುದೆಲ್ಲಿ ಎಂದು ಕೊರೆದ ರೇಖಾಚಿತ್ರಗಳು. ಒಳಗೆ ಐವತ್ತೈದು ಭಾಷೆಗಳ ನಮಸ್ಕಾರ. ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಶುಭಾಶಯ ಹೇಳಿ ಮುಗಿಸುವ ಆ ದನಿಗೆ ಸಭಾಮರ್ಯಾದೆಯ ಗಾಂಭೀರ್ಯವಿದೆ. ಮುಂದೆ ಸ್ವಾಗತ ಭಾಷಣ, ವಂದನಾರ್ಪಣೆ ಎಲ್ಲ ಬರಬಹುದೇನೋ ಎಂದು ಕಾಯುವಂತಾಗುತ್ತದೆ. 2012ರಲ್ಲಿ ವಾಯೇಜರ್ 1 ಸೂರ್ಯನ ಗಾಳಿ ಬೀಸುವ ಎಲ್ಲೆ ದಾಟಿತು, 2018ರಲ್ಲಿ ವಾಯೇಜರ್ 2. ಮೊದಲನೆಯದು ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಹಾರುತ್ತಿರುವ ಪ್ರತಿಗಳು ಎರಡೇ, ಸಂಗ್ರಾಹಕ ಇನ್ನೂ ಸಿಕ್ಕಿಲ್ಲ. ಸಿಕ್ಕಿದರೆ ಅವನೂ ಒಂದನೆಯದೇ ಬೇಕು ಎಂದು ಹಟ ಹಿಡಿದಾನು.

ಟೆಕ್ಸಾಸಿನಲ್ಲಿ ಕೂತು ಈ ಚಟ ಹತ್ತಿಸಿಕೊಂಡವನಿಗೆ ಆಲನ್ ಬೀನ್ ಕುಲದೈವ. ಈ ರಾಜ್ಯದ ವೀಲರ್ ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿ, ನಮ್ಮ ಪಕ್ಕದ ಫೋರ್ಟ್ ವರ್ತ್‌ನಲ್ಲಿ ಹೈಸ್ಕೂಲು ಓದಿ, ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮಾಡಿ, ಹ್ಯೂಸ್ಟನ್ನಿನಲ್ಲಿ ಗಗನಯಾತ್ರಿಯಾಗಿ, 1969ರ ನವೆಂಬರಿನಲ್ಲಿ ಅಪೊಲೊ 12ರಲ್ಲಿ ಹೋಗಿ ಚಂದ್ರನ ಮೇಲೆ ನಡೆದವರು. ನಡೆದ ಹನ್ನೆರಡು ಮಂದಿಯಲ್ಲಿ ನಾಲ್ಕನೆಯವರು. ಅಂದರೆ 4/12. ಅಪ್ಪನ ಲೆಕ್ಕದಲ್ಲಿ ನಪಾಸು.

ನಪಾಸಾದವರು 1981ರಲ್ಲಿ ನಾಸಾ ಬಿಟ್ಟು ಚಿತ್ರ ಬರೆಯಲು ಕೂತರು. ಚಂದ್ರನ ಕಷ್ಟ ಅದರ ಬೂದು. ಬೂದು ನೆಲ, ಕಪ್ಪು ಬಾನು, ಬಿಳಿ ಅಂಗಿಯ ಮನುಷ್ಯ. ಬೀನ್ ಆ ಬೂದಿನೊಳಗೆ ನೇರಳೆ, ಹಳದಿ, ಹಸಿರುಗಳನ್ನು ನುಸುಳಿಸಿದರು. ಇನ್ನೊಂದು ಕೆಲಸವನ್ನೂ ಮಾಡಿದರು. ಹಲಗೆಗೆ ದಪ್ಪ ಲೇಪ ಬಳಿದು, ಚಂದ್ರನ ಮೇಲೆ ತಾವು ಹಿಡಿದಿದ್ದ ಸುತ್ತಿಗೆಯಿಂದಲೇ ಕುಟ್ಟಿ, ಚಂದ್ರನ ಬೂಟಿನ ಅಚ್ಚು ಒತ್ತಿ, ಅದರ ಮೇಲೆ ಬಣ್ಣ ಹಾಕಿದರು. ನೆನಪಿಗೆಂದು ಮರಳಿಸಿದ್ದ ತಮ್ಮ ಅಂಗಿಯ ಬಿಲ್ಲೆಗಳಲ್ಲಿ ಚಂದ್ರನ ಧೂಳು ಮೆತ್ತಿಕೊಂಡಿತ್ತು. ಅವನ್ನು ಚೂರುಚೂರು ಕತ್ತರಿಸಿ ಬಣ್ಣದೊಳಗೆ ಸೇರಿಸಿದರು. ಪ್ರಪಂಚದಲ್ಲಿ ಬಣ್ಣ ಅರೆಯಲು ಏನೇನನ್ನೋ ಹಾಕಿದ್ದಾರೆ, ಇದೊಂದು ಹೊಸದು.

ಈಗ ನನ್ನ ಪಾಡು ಕೇಳಿ. ಆ ಮೂಲಚಿತ್ರಗಳನ್ನು ಕೊಳ್ಳಬೇಕಾದರೆ ಮನೆ ಮಾರಬೇಕು. ಗ್ರೀನಿಚ್ ವರ್ಕ್‌ಶಾಪ್ ಎಂಬ ಪ್ರಕಾಶನ ಸಂಸ್ಥೆ ಅವುಗಳ ಮಿತಪ್ರತಿ ಅಚ್ಚುಗಳನ್ನು ತಂದಿದೆ. ನನ್ನಂಥವರ ಕೈಗೆಟಕುವುದು ಅದು. ಅಂಥದೊಂದು ನನ್ನ ಓದುವ ಕೋಣೆಯಲ್ಲಿದೆ. ಕಣ್ಣಿಗೆ ಬೂಟಿನ ಗೆರೆಗಳು ಉಬ್ಬಿ ಕಾಣುತ್ತವೆ, ಸುತ್ತಿಗೆಯ ಗುಳಿಗಳಲ್ಲಿ ನೆರಳು ಮಡುಗಟ್ಟಿದೆ. ಬೆರಳಿಟ್ಟರೆ ಎಲ್ಲ ನುಣುಪು. ಗುಳಿಯಿಲ್ಲ, ಧೂಳಿಲ್ಲ, ಚಂದ್ರನೂ ಇಲ್ಲ. ಮೊದಲು ಇದು ಮೋಸ ಅನ್ನಿಸಿತು. ಆಮೇಲೆ ಇದೇ ರುಚಿ ಹತ್ತಿತು. ಕಣ್ಣು ಹೌದೆನ್ನುತ್ತದೆ, ಬೆರಳು ಅಲ್ಲವೆನ್ನುತ್ತದೆ. ಇಬ್ಬರ ಜಗಳ ನೋಡುತ್ತಾ ಒಂದು ಸಂಜೆ ಕಳೆಯಬಹುದು.

ಬೀನ್ ಬರೆದವುಗಳಲ್ಲಿ ನನಗೆ ಬಲು ಇಷ್ಟವಾದದ್ದು ಎಂದೂ ನಡೆಯದ ಸಂಗತಿಯ ಚಿತ್ರ. ಬೀನ್ ಮತ್ತು ಪೀಟ್ ಕಾನ್ರಾಡ್ ಕೆಳಗೆ ಓಡಾಡುತ್ತಿದ್ದಾಗ ಡಿಕ್ ಗಾರ್ಡನ್ ಒಬ್ಬರೇ ನೌಕೆಯಲ್ಲಿ ಚಂದ್ರನ ಸುತ್ತ ಸುತ್ತುತ್ತಿದ್ದರು. ಅಷ್ಟು ದೂರ ಹೋಗಿಯೂ ಕಾಲೂರಲಿಲ್ಲ. 'ದಿ ಫ್ಯಾಂಟಸಿ' ಎಂಬ ಚಿತ್ರದಲ್ಲಿ ಬೀನ್ ಗಾರ್ಡನ್ನರನ್ನೂ ಕೆಳಗಿಳಿಸಿ ಮೂವರನ್ನೂ ಒಟ್ಟಿಗೆ ನಿಲ್ಲಿಸಿದ್ದಾರೆ. ನಾಸಾದ ಅಷ್ಟೂ ಎಂಜಿನಿಯರುಗಳ ಕೈಲಾಗದ್ದು ಒಂದು ಕುಂಚದಿಂದ ಆಯಿತು. ಬೀನ್ 2018ರಲ್ಲಿ ಹ್ಯೂಸ್ಟನ್ನಿನಲ್ಲೇ ತೀರಿಕೊಂಡರು.

ಹ್ಯೂಸ್ಟನ್ನಿನ ಪೂರ್ವಕ್ಕೆ ಸಮುದ್ರದ ಕಡೆ ಹೊರಟರೆ ಪೋರ್ಟ್ ಆರ್ಥರ್, ರಾಬರ್ಟ್ ರೌಶನ್‌ಬರ್ಗ್ ಹುಟ್ಟಿದ ಊರು. ನಾಸಾ 1962ರಿಂದಲೇ ಕಲಾವಿದರನ್ನು ಕರೆಸಿ, 800 ಡಾಲರ್ ಸಂಭಾವನೆ ಕೊಟ್ಟು, ರಾಕೆಟ್ಟಿನ ಎದುರು ಕೂರಿಸುವ ಪದ್ಧತಿ ಇಟ್ಟಿತ್ತು. ಅಪೊಲೊ 11 ಹಾರುವುದನ್ನು ಹಾಗೆ ನೋಡಿ ಬಂದ ರೌಶನ್‌ಬರ್ಗ್ ಮೂವತ್ತಕ್ಕೂ ಹೆಚ್ಚು ಕಲ್ಲಚ್ಚುಗಳನ್ನು ಮಾಡಿದರು. ಅದರಲ್ಲೊಂದು, 'ಸ್ಕೈ ಗಾರ್ಡನ್', ಏಳಡಿಗೂ ಎತ್ತರ, ಪ್ರತಿಗಳು 35. ನಮ್ಮ ಮನೆಯ ಗೋಡೆಗೆ ಹಿಡಿಸುವುದಿಲ್ಲ ಎಂದು ನಾನು ಅದನ್ನು ಕೊಂಡಿಲ್ಲ. ಬೇರೆ ಕಾರಣಗಳನ್ನು ಬ್ಯಾಂಕಿನವರು ಬಲ್ಲರು.

ಗೋಡೆಯ ಮಾತು ಬಂತಲ್ಲ. ಊರಿನಲ್ಲಿ ಗೋಡೆ ಎಂದರೆ ಇಟ್ಟಿಗೆ. ಮೊಳೆ ಹೊಡೆದರೆ ಕುಟುಂಬದ ಫೋಟೊ ಮೂರು ತಲೆಮಾರು ನಿಲ್ಲುತ್ತದೆ. ಇಲ್ಲಿ ಗೋಡೆ ಎಂದರೆ ಜಿಪ್ಸಮ್ ಹಲಗೆ, ಒಳಗೆ ಟೊಳ್ಳು. ಗೆಣ್ಣಿನಿಂದ ತಟ್ಟುತ್ತಾ, ಕಿವಿಗೊಟ್ಟು, ಒಳಗಿನ ಮರದ ಕಂಬ ಎಲ್ಲಿದೆ ಎಂದು ನಾಡಿ ಹಿಡಿದು ನೋಡಬೇಕು. ಮೇಲೆ ಡಲ್ಲಾಸ್ ವಿಮಾನ ನಿಲ್ದಾಣದ ನೆರೆ. ದೊಡ್ಡ ವಿಮಾನ ತಗ್ಗಿ ಹೋದರೆ ಶನಿ ಒಮ್ಮೆ ಗುನುಗುತ್ತಾನೆ. ಪಡುವಣ ಗೋಡೆಗೆ ಟೆಕ್ಸಾಸಿನ ಬಿಸಿಲು. ಅಲ್ಲಿ ತೂಗುಹಾಕಿದರೆ ನೆಪ್ಚೂನಿನ ನೀಲಿ ಒಂದೆರಡು ಬೇಸಿಗೆಯಲ್ಲಿ ಸನ್ಯಾಸ ತಗೊಳ್ಳುತ್ತದೆ. ಉಳಿದ ಗೋಡೆಗಳಲ್ಲಿ ಒಂದರ ಮೇಲೆ ಮೈಸೂರು ಶೈಲಿಯ ಲಕ್ಷ್ಮಿ, ಇನ್ನೊಂದರ ಮೇಲೆ ಯಕ್ಷಗಾನದ ಕಿರೀಟ. ಅವನ್ನು ಕದಲಿಸುವಂತಿಲ್ಲ ಎಂಬುದು ಈ ಮನೆಯ ಸಂವಿಧಾನದ ಮೂಲ ರಚನೆ.

ಇಷ್ಟೆಲ್ಲ ದುಡ್ಡು ಸುರಿಯದೆಯೂ ಆಕಾಶ ಸಿಗುತ್ತದೆ. 2016ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಬೇರೆ ಲೋಕಗಳಿಗೆ ಪ್ರವಾಸಕ್ಕೆ ಕರೆಯುವ ಪೋಸ್ಟರುಗಳನ್ನು ಮಾಡಿ, ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಿ ಎಂದು ಬಿಟ್ಟಿತು. ಚೆಲುವಾದ ಚಿತ್ರಗಳು. ಎಲ್ಲರಿಗೂ ಸಿಗುತ್ತವೆ ಎಂಬ ಒಂದೇ ಕಾರಣಕ್ಕೆ ನಾನು ಹಾಕಿಸಿಕೊಂಡಿಲ್ಲ. ಇದು ಎಷ್ಟು ಅಲ್ಪತನ ಎಂದು ನನಗೆ ಗೊತ್ತು.

ಅಲ್ಪತನಕ್ಕೆ ಪೆಟ್ಟು ಕೊಟ್ಟದ್ದು ಎರಡು ರೂಪಾಯಿಯ ನೋಟು. ಅಪ್ಪ ತಂದಿದ್ದ ಹಳೆಯ ಪಂಚಾಂಗದ ಹಾಳೆಗಳ ನಡುವೆ ಗರಿಗರಿಯಾಗಿ ಕೂತಿತ್ತು. ಹಿಂಬದಿಯಲ್ಲಿ ಆರ್ಯಭಟ: ಯು. ಆರ್. ರಾವ್ ಮತ್ತು ಅವರ ತರುಣ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿದ, ಇಪ್ಪತ್ತಾರು ಮುಖಗಳ ಉಪಗ್ರಹ. ನುಣ್ಣನೆಯ ಗೆರೆಗಳಲ್ಲಿ ಮುಖದ ಮೇಲೆ ಮುಖ ಎದ್ದು ನಿಂತಿದೆ. ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಮಾರುವವಳ ಎಲೆಯಡಿಕೆ ಚೀಲದಲ್ಲಿ, ಬಸ್ ಕಂಡಕ್ಟರನ ಬೆರಳ ಸಂದಿಯಲ್ಲಿ ಮಡಚಿಕೊಂಡು, ಇಡೀ ದೇಶದ ಬೆವರು ಕುಡಿದ ಬಾಹ್ಯಾಕಾಶಚಿತ್ರ ಅದು. ತಿರುಗಿಸಿ ನೋಡಿದೆ. ಮುಂಬದಿಯಲ್ಲಿ ಸಂಖ್ಯೆ ಇದೆ, ಒಂದರದ್ದು ಇನ್ನೊಂದಕ್ಕಿಲ್ಲ. ಕೆಳಗೆ ರಿಸರ್ವ್ ಬ್ಯಾಂಕ್ ಗವರ್ನರರ ರುಜು. ಅಂಕಿ ಇದೆ, ಅಂಕಿತ ಇದೆ, ಚಿತ್ರ ಆಕಾಶದ್ದು. ನಾನು ಡಾಲರ್ ತೆತ್ತು ಹುಡುಕುತ್ತಿದ್ದುದರಲ್ಲಿ ಇನ್ನೇನು ಬಾಕಿ? ಅದರ ಮರಿಮಗ 2016ರಲ್ಲಿ ಬಂದ ಎರಡು ಸಾವಿರದ ನೋಟು, ಬೆನ್ನ ಮೇಲೆ ಮಂಗಳಯಾನ. 2023ರಲ್ಲಿ ಅದನ್ನು ಚಲಾವಣೆಯಿಂದ ಹಿಂತೆಗೆದುಕೊಂಡರು. ಅಚ್ಚು ಹಾಕಿದ ಮೇಲೆ ಪ್ರತಿಗಳನ್ನು ವಾಪಸು ಕರೆಸುವ ಧೈರ್ಯ ಯಾವ ಕಲಾವಿದನಿಗೂ ಬಂದಿಲ್ಲ.

ಆರ್ಯಭಟನಿಗೆ ಕಟ್ಟು ಹಾಕಿಸೋಣವೆಂದು ಅಂಗಡಿಗೆ ಒಯ್ದೆವು. ಅಲ್ಲಿಯ ಹುಡುಗ ಬಿಳಿ ಕೈಗವಸು ತೊಟ್ಟು ನೋಟನ್ನು ಎತ್ತಿ, ಎರಡೂ ಬದಿ ನೋಡಿ, ಯಾವ ಮುಖ ಹೊರಗೆ ಬರಬೇಕು ಎಂದು ಕೇಳಿದ. ನನಗೆ ಬೆವರೊಡೆಯಿತು. ಉಪಗ್ರಹ ಕಂಡರೆ ಸಂಖ್ಯೆಯೂ ರುಜುವೂ ಗೋಡೆಗೆ ಮುಖ ಮಾಡುತ್ತವೆ. ರುಜು ಕಂಡರೆ ಆರ್ಯಭಟ ಮಾಯ. ಎರಡೂ ಕಡೆ ಗಾಜು ಹಾಕಬಹುದು, ಆದರೆ ಗೋಡೆಗೆ ಹಾಕಿದ ಮೇಲೆ ಹಿಂದೆ ಹೋಗಿ ನೋಡುವವರು ಯಾರು ಎಂದು ಹುಡುಗನೇ ಕೇಳಿದ. ಅವನು ಹೇಳಿದ ಬೆಲೆಗೆ ಅಂಥ ನೋಟುಗಳದ್ದೇ ಒಂದು ಮೂಟೆ ಬೇಕಾಗುತ್ತಿತ್ತು.

ಅರ್ಧ ಗಂಟೆ ಸುಮ್ಮನೆ ನಿಂತಿದ್ದ ನನ್ನವಳು ಆಗ ಬಾಯಿ ಬಿಟ್ಟಳು. "ರೀ, ಮಾವನಿಗೆ ಹೇಳಿ ಇನ್ನೊಂದು ನೋಟು ತರಿಸಿ. ಒಂದರದ್ದು ಹಿಂದು, ಒಂದರದ್ದು ಮುಂದು, ಪಕ್ಕಪಕ್ಕ ಇಟ್ಟರಾಯಿತು. ಒಟ್ಟು ನಾಲ್ಕು ರೂಪಾಯಿ."

"ಆದರೆ ಎರಡರ ಸಂಖ್ಯೆ ಬೇರೆಬೇರೆ ಆಗುತ್ತಲ್ಲೇ" ಎಂದೆ.

ಅವಳು ಉತ್ತರ ಕೊಡದೆ ಕಾರಿನ ಕೀಲಿಗೆ ಕೈ ಚಾಚಿದಳು.