ನಮ್ಮ ಪಿಕಪ್ಪಿನ ಬಾನೆಟ್ಟು ಮತ್ತ ಕಚ್ಚಾ ಹೊಲಿಗಿ

ಹೋದ ಸಲ ಕೆಂಪ ಹಿಂಡಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ. ಈ ಸಲ ಗಾಡಿ ಬಾನೆಟ್ ಬಗ್ಗೆ ಬರೀತೇನಿ ಅಂದ್ರ ನಗಬ್ಯಾಡ್ರಿ ಮತ್ತ. ನಿಮ್ಮ ಮನಿ ಮುಂದೂ ಒಂದು ಹಳೇ ಗಾಡಿ ನಿಂತಿರ್ತೈತಿ, ಅದನ್ನ ನಿಮ್ಮ ಮನಿಯವರೋ ಮಗನೋ ಹೊಡೀತಾರ. ಅದಕ್ಕ ಇದನ್ನ ನೀವೂ ತಿಳಕೊಂಡಿರಲಿ ಅಂತ ಬರಿಯಾಕ ಕುಂತೇನಿ.

ನಮ್ಮ ಬೇವಿನ ಗಿಡದ ಕೆಳಗ ನಿಂತಿರೂ ಬಿಳಿ ಪಿಕಪ್ ನಿಮಗೆಲ್ಲಾ ಗೊತ್ತೈತಿ. ಕಡ್ಲಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಹೊತಗೊಂಡು ಅಣ್ಣಿಗೇರಿ, ಹುಬ್ಬಳ್ಳಿ, ಬ್ಯಾಡಗಿ ಅಂತ ಇಪ್ಪತ್ತು ವರ್ಷ ತಿರುಗಿದ ಗಾಡಿ. ಮಗಳ ಮದುವಿ ಸಾಮಾನೂ ಅದರಾಗ ಹೋಗೈತಿ, ನಮ್ಮ ಅತ್ತಿಯವರನ್ನ ದವಾಖಾನಿಗೆ ಒಯ್ದದ್ದೂ ಅದರಾಗ. ನನ್ನ ಓದು ಪಿ.ಯು.ಸಿ.ಗೆ ನಿಂತೈತಿ, ಗಾಡಿ ಬಗ್ಗೆ ನನಗ ಗೊತ್ತಿದ್ದದ್ದು ಹತ್ತೂದು, ಇಳಿಯೂದು, ಅಷ್ಟ. ಆದ್ರ ಮೂವತ್ತು ವರ್ಷ ಜಂಪರ್ ಹೊಲದೇನಿ. ಆ ಬುದ್ಧಿ ಗಾಡಿಗೂ ಬರ್ತೈತಿ ಅಂತ ಈ ವರ್ಷ ಗೊತ್ತಾತು.

ಹೋದ ವರ್ಷ ಹುಬ್ಬಳ್ಳಿ ಎ.ಪಿ.ಎಂ.ಸಿ.ಯಾಗ ಉಳ್ಳಾಗಡ್ಡಿ ಇಳಸಾಕ ಹೋದಾಗ ಒಂದು ಟ್ರ್ಯಾಕ್ಟರ್ ಟ್ರೇಲರ್ ಹಿಂದಕ್ಕ ಬಂದು ನಮ್ಮ ಗಾಡಿ ಎಡಗಡೆ ಮೂತಿಗೆ ತಾಗಿತ್ತು. ನಮ್ಮವರು ಟಿಂಕರಿಂಗ್ ಮಾಡಿಸಿದ್ರು. ತಗ್ಗು ತಗದು, ಬಣ್ಣಾ ಹೊಡದು ಕೊಟ್ರು, ನೋಡಾಕ ಚೊಲೋನ ಇತ್ತು. ಆದ್ರ ಅವತ್ತಿನಿಂದ ಬಾನೆಟ್ ಒಂದ ಸಲಕ್ಕ ಮುಚ್ಚಲಿಲ್ಲ. ಎಡಗಡೆ ಬೆರಳು ಹೋಗುವಷ್ಟು ಸಂದಿ, ಬಲಗಡೆ ಮಡ್‌ಗಾರ್ಡಿಗೆ ತಿಕ್ಕಿ ಹೊಸಾ ಬಣ್ಣಾ ಎದ್ದು ಬಂತು. ನಮ್ಮವರು ಎರಡೂ ಕೈಲೆ ಧಡ್ ಅಂತ ಬಡದು ಮುಚ್ಚತಿದ್ರು. ತಿರುಗಿ ಒಯ್ದು ತೋರಿಸಿದ್ರ, ಲಾಕನ್ನ ಸುತ್ತಿಗಿಲೆ ಬಡದು ಈ ಕಡೆ ಸರಸಿ ಕೊಟ್ರು. ನಾಕು ದಿನ ನಡೀತು. ಮತ್ತ ಸಡ್ಲ ಆತು. ಕಡೀಕ ಮನಿಯೊಳಗಿನ ತಂತಿ ತಗೊಂಡು ಬಿಗದು ಬಿಟ್ರು. ನಾನೂ ನೋಡಿದೆ, ಸುಮ್ಮನಿದ್ದೆ. ಜಂಪರಿನ ಗುಂಡಿ ಹರದ್ರ ಪಿನ್ನಾ ಚುಚ್ಚಿಕೊಂಡಂಗ, ನಡೀತೈತಿ ಬಿಡು ಅಂತ.

ಈ ಜನವರಿಯಾಗ, ಬೆಳಗಿನ ಜಾವ, ಹನ್ನೆರಡು ಚೀಲಾ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಹೊಂಟ್ರು. ನಮ್ಮೂರ ರಸ್ತಾ ಬಿಟ್ಟು ಗದಗ–ಹುಬ್ಬಳ್ಳಿ ರಸ್ತಾ ಹತ್ತಿ ಸ್ವಲ್ಪ ದೂರ ಹೋಗ್ಯಾರ. ತಂತಿ ಹರೀತು. ಬಾನೆಟ್ ಗಾಳಿಗೆ ಎದ್ದು ಮುಂದಿನ ಗಾಜಿಗೆ ಅಪ್ಪಳಿಸಿತು. ಮುಂದ ಏನೂ ಕಾಣವಲ್ದು. ಹೆಂಗೋ ಗಾಡಿ ನಿಂದ್ರಿಸಿ, ಬಾನೆಟ್ ಕಟ್ಟಿಕೊಂಡು ಮನಿಗೆ ಬಂದ್ರು. "ಬಾನೆಟ್ ಎದ್ದಿತ್ತು, ಗಾಜ ಒಡದೈತಿ" ಅಂದ್ರು, ಅಷ್ಟ. ಚಾ ಕುಡದು ಮಲಗಿದ್ರು. ಮೆಣಸಿನಕಾಯಿ ಮತ್ತೊಬ್ಬರ ಗಾಡಿಯಾಗ ಹೋತು.

ಆಮ್ಯಾಲ ಇಪ್ಪತ್ತು ದಿನ ಅವರು ಗಾಡಿ ಚಾವಿ ಮುಟ್ಟಲಿಲ್ಲ. ಗಾಜ ಹಾಕ್ಸಿದ್ರು, ಆದ್ರ ಹೊರಗ ತಗೀಲಿಲ್ಲ. ಕೇಳಿದ್ರ "ವಯಸ್ಸಾತು, ಮಾರಿ ಬಿಡೂಣು" ಅಂತಾರ. ಬೆಂಗಳೂರಾಗಿನ ಮಗ "ಗುಜರಿಗೆ ಹಾಕ್ರಿ ಅಪ್ಪಾ" ಅಂದ. ಐವತ್ತೊಂಬತ್ತಕ್ಕ ಏನ್ ವಯಸ್ಸು ಅಂತ ನಾನು ಜಗಳಾ ತಗದೆ. ಆವತ್ತು ರಾತ್ರಿ ಅಡಗಿಮನ್ಯಾಗ ಬಂದು ಕುಂತು ಹೇಳಿದ್ರು. ಬಾನೆಟ್ ಏಳೂದಕಿಂತ ಸ್ವಲ್ಪ ಮುಂಚೆ, ಮುಂದ ಒಬ್ಬ ಹಾಲಿನಾವ ಸೈಕಲ್ ಮ್ಯಾಲ ಹೊಂಟಿದ್ನಂತ. ಗಾಜಿನ ತುಂಬ ಬಾನೆಟ್ ಬಂದಾಗ ಅವಾ ಎಡಕ್ಕಿದ್ನೋ ಬಲಕ್ಕಿದ್ನೋ ಗೊತ್ತಾಗಲಿಲ್ಲಂತ. ಒಮ್ಮೆಲೆ ಬ್ರೇಕ್ ಒತ್ತಲಿಲ್ಲ, ಬಾನೆಟ್ಟಿನ ಕೆಳಗಿನ ಸಣ್ಣ ಸಂದಿಯಾಗ ಬಗ್ಗಿ ನೋಡಕೋತ ಸಾವಕಾಶ ನಿಂದ್ರಿಸ್ಯಾರ. ಇಳದ ಮ್ಯಾಲ ಹಿಂದಿನಿಂದ ಹಾಲಿನ ಕ್ಯಾನಿನ ಸಪ್ಪಳ ಕೇಳಿದಾಗ ಜೀವ ಬಂತು ಅಂದ್ರು. "ಆ ಹುಡುಗ ಯಾರ ಮಗನೋ ಏನೋ" ಅಂತ ಹೇಳುವಾಗ ಅವರ ಕೈ ನಡಗತಿತ್ತು. ಮೂವತ್ತೈದು ವರ್ಷದ ಸಂಸಾರದಾಗ ಅವರ ಕೈ ನಡಗೂದು ನಾನು ನೋಡಿರಲಿಲ್ಲ.

ನಮ್ಮ ಮೈದುನನ ಮಗ ಹುಬ್ಬಳ್ಳ್ಯಾಗ ಗಾಡಿ ಬಾಡಿ ಕೆಲಸ ಮಾಡ್ತಾನ. ನಾನು ನೆಗೆಣ್ಣಿಗೆ ಫೋನ್ ಮಾಡಿ ಅವನನ್ನ ಕರಸಿದೆ. ಬಂದಾವ ಸುತ್ತಿಗಿ ಮುಟ್ಟಲೇ ಇಲ್ಲ. ಮೊದಲ ಹತ್ತು ಹೆಜ್ಜಿ ದೂರ ನಿಂತು ಗಾಡಿ ಮಾರಿ ನೋಡಿದ. ಆಮ್ಯಾಲ ಬಾಗಲಾ, ಮಡ್‌ಗಾರ್ಡು, ಬಾನೆಟ್ ನಡುವಿನ ಸಂದಿ ಮ್ಯಾಲ ಬೆರಳಾಡಿಸಿದ. ಬಾಗಲಾ ತಗದು ಮ್ಯಾಲಕ್ಕ ಎತ್ತಿ ನೋಡಿದ, ಬಿಜಾಗ್ರಿ ಕಡ್ಡಿ ಸವದು ಬಾಗಲಾ ಜೋತು ಬಿದ್ದಿತ್ತು. ಕಡೀಕ ಗಾಡಿ ಕೆಳಗ ಹೊಕ್ಕು ಕರದ, "ದೊಡ್ಡವ್ವಾ, ಇಲ್ಲಿ ಬಾ."

ಡ್ರೈವರ್ ಕುಂದ್ರೂ ಕ್ಯಾಬಿನ್ನು ಚಾಸಿ ಮ್ಯಾಲ ನೇರ ಕುಂತಿರೂದಿಲ್ಲಂತ, ನಡುವ ರಬ್ಬರಿನ ಬುಷ್ ಇರ್ತಾವ. ನಮ್ಮ ಗಾಡಿ ಎಡಗಡೆ ಮುಂದಿನ ರಬ್ಬರ್ ಹಳೇದಾಗಿ ಒಡದು ಪುಡಿ ಆಗಿತ್ತು. ಆ ಮೂಲಿಗೆ ಕ್ಯಾಬಿನ್ನ ಒಂದು ಬೆರಳು ಕೆಳಗ ಕುಂತಿತ್ತು. "ಮೂಲಾ ಇಲ್ಲೈತಿ. ಮ್ಯಾಲ ಎಷ್ಟು ಬಡದ್ರೂ ಬಾನೆಟ್ ಹೆಂಗ ಕುಂದ್ರಬೇಕು?" ಅಂದ.

ನನಗ ಅಲ್ಲೇ ತಿಳೀತು ನೋಡ್ರಿ. ಜಂಪರಿನ ಭುಜದ ಹೊಲಿಗಿ ತಪ್ಪಿದ್ರ ಕೊರಳು ಕುಂದ್ರೂದಿಲ್ಲ. ಸುಕ್ಕು ಕಾಣೂದು ಕೊರಳಾಗ, ತಪ್ಪು ಇರೂದು ಭುಜದಾಗ. ಕೊರಳು ಜಗ್ಗಿ ಜಗ್ಗಿ ಇಸ್ತ್ರಿ ಮಾಡಿದ್ರ ಏನಾಗ್ತೈತಿ?

ಎರಡು ದಿನದ ಕೆಲಸ. ನಾನ ಅವನ ಕೈಯಾಳು. ಮೊದಲ ಬ್ಯಾಟರಿ ವೈರ್ ಬಿಚ್ಚಿದ. ಕ್ಯಾಬಿನ್ ಬೋಲ್ಟ್ ಸಡ್ಲ ಮಾಡಿ, ಜಾಕ್ ಮ್ಯಾಲ ಹಲಗಿ ಇಟ್ಟು ಸಾವಕಾಶ ಎತ್ತಿದ, ಯಾವುದರ ಪೈಪು, ವೈರು ಜಗ್ಗತೈತೇನು ಅಂತ ನಡನಡುವ ನೋಡಿಕೋತ. ಎಡಗಡೆ ಒಂದ ಕೆಟ್ಟಿದ್ರೂ ಎರಡೂ ಕಡೆ ಹೊಸಾ ರಬ್ಬರ್ ಹಾಕಿದ. ಒಂದು ಹೊಸಾದು ಒಂದು ಹಳೇದಾದ್ರ ಮತ್ತ ವಾರೀ ಆಗ್ತೈತಂತ.

ಆಮ್ಯಾಲ ಬಾಗಲಾ. ಕ್ಯಾಬಿನ್ನಿನ ಹಿಂದಿನ ಕಂಬ ಅಳ್ಳಾಡೂದಿಲ್ಲ, ಅದಕ್ಕ ಬಾಗಲಾ ಹೊಂದಿಸಬೇಕು. ಬಾಗಲಕ್ಕ ಮಡ್‌ಗಾರ್ಡು, ಮಡ್‌ಗಾರ್ಡಿಗೆ ಬಾನೆಟ್, ಎಲ್ಲಾದಕಿಂತ ಕಡೀಕ ಮುಂದಿನ ಜಾಳಗಿ. ಅಳ್ಳಾಡದ ಜಾಗದಿಂದ ಶುರು ಮಾಡಿ ಮುಂದಕ್ಕ ಬರಬೇಕು, ಮುಂದಿನಿಂದ ಹಿಂದಕ್ಕ ಹೋಗಬಾರದು. ಬಾಗಲಾ ಎರಡಕ್ಕೂ ಬಿಜಾಗ್ರಿ ಕಡ್ಡಿ, ಬುಷ್ ಹೊಸಾದು ಬಂದ್ವು.

ಮಡ್‌ಗಾರ್ಡಿನ ಬೋಲ್ಟ್ ಹಾಕುವಾಗ ನಾನು ಪಾನಾ ಹಿಡದು ಬಿಗಿ ಮಾಡಾಕ ಹೋದೆ. "ದೊಡ್ಡವ್ವಾ, ಈಗ ಬ್ಯಾಡ, ಬರೇ ಕೈಲೆ ತಿರುವು. ಎಲ್ಲಾ ಹೊಂದಿದ ಮ್ಯಾಲ ಬಿಗಿಯೂಣು" ಅಂದ. "ಕಚ್ಚಾ ಹೊಲಿಗಿ ಅನ್ನಪಾ!" ಅಂದೆ. ಆ ಬೋಲ್ಟಿನ ತೂತು ದುಂಡಗ ಇರೂದಿಲ್ಲ, ಉದ್ದಕ ಇರ್ತಾವ, ಸರಸಾಕ ಬರ್ಲಿ ಅಂತ. ಎಲ್ಲಿ ತಗ್ಗು ಬೀಳ್ತೈತೋ ಅಲ್ಲಿ ಬೋಲ್ಟಿನ ಕೆಳಗ ಒಂದು ವಾಷರ್ ಕೊಟ್ಟು ಎತ್ತತಾರ, ನಾವು ಅಸ್ತರ್ ಕೊಟ್ಟಂಗ.

ಈಗ ಬಾನೆಟ್. ಅದರ ಎರಡು ಬಿಜಾಗ್ರಿ ಗಾಜಿನ ಕಡೆ ಇರ್ತಾವ. ಸಡ್ಲ ಮಾಡೂಕಿಂತ ಮೊದಲ ಬಿಜಾಗ್ರಿ ಸುತ್ತ ಪೆನ್ನಿಲೆ ಗೆರಿ ಹೊಡದ, ಎಷ್ಟು ಸರೀತು ಅಂತ ಗೊತ್ತಾಗಬೇಕಲ್ಲ. ಮುಂದಿನ ಲಾಕನ್ನ ಪೂರಾ ಬಿಚ್ಚಿ ಇಟ್ಟ. ಲಾಕ್ ಇದ್ರ ಅದು ಬಾನೆಟ್ಟನ್ನ ತನ್ನ ಕಡೆ ಜಗ್ಗತೈತಿ, ಖರೇ ಎಲ್ಲಿ ಕುಂದ್ರತೈತಿ ಅಂತ ತಿಳಿಯೂದಿಲ್ಲ. ಬಿಜಾಗ್ರಿ ಮತ್ತ ಬಾನೆಟ್ ನಡುವಿನ ಬೋಲ್ಟ್ ಸಡ್ಲ ಮಾಡಿದ್ರ ಮುಂದ, ಹಿಂದ, ಅತ್ತಾಗ, ಇತ್ತಾಗ ಸರೀತೈತಿ. ಬಿಜಾಗ್ರಿ ಮತ್ತ ಬಾಡಿ ನಡುವಿನ ಬೋಲ್ಟಿಲೆ ಹಿಂದಿನ ಎತ್ತರ ಹೊಂದತೈತಿ. ಮುಂದಿನ ಎರಡು ಮೂಲಿ ಎತ್ತರಕ್ಕ ರಬ್ಬರಿನ ಗುಂಡಿ ಅದಾವ, ತಿರುವಿದ್ರ ಮ್ಯಾಲ ಕೆಳಗ ಆಗ್ತಾವ. ಹಿಂದ ಬಿಜಾಗ್ರಿ ಕೂದಲೆಳಿಯಷ್ಟು ಸರಸಿದ್ರ ಮುಂದ ಬೆರಳಷ್ಟು ಹೊರಳತೈತಿ, ಅದಕ್ಕ ಅವಸರ ನಡಿಯೂದಿಲ್ಲ.

ಅಳತಿಗೆ ಮಗಳ ಮದುವಿ ಕಾರ್ಡ್ ಉಳದಿದ್ವು, ಅವನ್ನ ಮಡಿಚಿ ಐದು ಮಿಲಿಮೀಟರ್ ದಪ್ಪ ಮಾಡಿ ನಾಕೂ ಕಡೆ ಸಂದಿಯಾಗ ಇಟ್ವಿ. ಎಲ್ಲಾ ಕಡೆ ಕಾರ್ಡ್ ಒಂದ ನಮೂನಿ ಜಾರಬೇಕು. "ಹಳೇ ಗಾಡಿಗೆ ಸಣ್ಣ ಸಂದಿ ಬ್ಯಾಡ ದೊಡ್ಡವ್ವಾ, ಸಮ ಸಂದಿ ಬೇಕು" ಅಂದ. ಮೊದಲ ಸಲ ಮುಚ್ಚುವಾಗ ಮಾತ್ರ ನಾನು ಕೈ ಬಿಟ್ಟು ಬಿಟ್ಟೆ. ಬಲಗಡೆ ಮೂಲಿ ತಾಗಿ ಬಣ್ಣಾ ಕಿತ್ತಿತು. ಮಡ್‌ಗಾರ್ಡಿನ ಅಂಚಿಗೆ ಕಾಗದದ ಟೇಪ್ ಹಚ್ಚಿಕೊಂಡು, ಇಬ್ಬರೂ ಹಿಡದು ಸಾವಕಾಶ ಇಳಸಬೇಕಿತ್ತು. ಆ ಕಲಿ ಇನ್ನೂ ಐತಿ, ಬಂದಾಗ ತೋರಸ್ತೇನಿ.

ಇಷ್ಟೊತ್ತೂ ನಮ್ಮವರು ಕಟ್ಟಿ ಮ್ಯಾಲ ಕುಂತು ಪೇಪರ್ ಓದತಿದ್ರು, ಅಂದ್ರ ಹಿಡಕೊಂಡಿದ್ರು. ಎರಡನೇ ದಿನ ಮಧ್ಯಾಹ್ನ ಲಾಕ್ ಹಾಕೂ ಹೊತ್ತಿಗೆ ತಾವ ಎದ್ದು ಬಂದ್ರು. ಹಳೇ ಲಾಕ್ ನೆಟ್ಟಗ ಮಾಡೂಣೇನು ಅಂತ ನಾನು ಕೇಳಿದ್ದಕ್ಕ "ಬ್ಯಾಡ, ಹೊಸಾದು ತರ್ರಿ" ಅಂದ್ರು. ಲಾಕ್ ಜೋಡಿ ಎರಡನೇ ಕೊಕ್ಕಿ ಒಂದಿರ್ತೈತಲ್ಲ, ಲಾಕ್ ಬಿಚ್ಚಿದ್ರೂ ಬಾನೆಟ್ ಪೂರಾ ಏಳದಂಗ ಹಿಡಿಯೂದು, ಅದು ಸುತ್ತಿಗಿ ಪೆಟ್ಟಿಗೆ ಬಾಗಿ ಯಾವಾಗೋ ಕೆಲಸ ಬಿಟ್ಟಿತ್ತು. ಅದನ್ನ ಕೈಯಾಗ ಹಿಡದು ನಮ್ಮವರು ಭಾಳ ಹೊತ್ತು ನೋಡಿದ್ರು. ಹೊಸಾದು ಹಾಕಿದ ಮ್ಯಾಲ ಲಾಕ್ ಬಿಚ್ಚಿ, ಕೊಕ್ಕಿ ಹಿಡೀತೈತೇನು ಅಂತ ಜಗ್ಗಿ ನೋಡಿದ್ರು. ಮತ್ತ ಮತ್ತ. ಹುಡುಗ "ಸಾಕು ದೊಡ್ಡಪ್ಪಾ" ಅಂದ್ರ "ಇನ್ನೊಮ್ಮೆ ತಮ್ಮಾ" ಅಂತಾರ. ನಾನು ಹುಡುಗಗ ಸುಮ್ಮನಿರು ಅಂತ ಕಣ್ಣಿಲೆ ಹೇಳಿದೆ.

ಕಡೀಕ ಒಂದು ಗೇಣು ಎತ್ತರದಿಂದ ಬಾನೆಟ್ ಬಿಟ್ರು. ಟಕ್ ಅಂತ ಒಂದ ಸಪ್ಪಳ. ಬಡಿಯೂದಿಲ್ಲ, ಒತ್ತೂದಿಲ್ಲ. ಒಂದು ವರ್ಷ ನಮ್ಮ ಅಂಗಳದಾಗ ಧಡ್ ಧಡ್ ಕೇಳಿ ರೂಢಿ ಆಗಿತ್ತು, ಈ ಸಪ್ಪಳ ಮರತ ಹೋಗಿತ್ತು. ಆಮ್ಯಾಲ ಬೋಲ್ಟ್ ಎಲ್ಲಾ ಬಿಗದು, ಬಿಗದ ಮ್ಯಾಲ ಮತ್ತೊಮ್ಮೆ ಕಾರ್ಡ್ ಇಟ್ಟು ನೋಡಿದ್ವಿ, ಬಿಗಿ ಮಾಡುವಾಗ ಸರದಿರ್ತಾವ ಅಂತ. ರಬ್ಬರ್, ಕಡ್ಡಿ, ಲಾಕ್, ವಾಷರ್ ಎಲ್ಲಾ ಕೂಡಿ ಮೂರು ಸಾವಿರದ ಒಳಗ ಬಂತು. ಹುಡುಗ ಕೂಲಿ ತಗೋಲಿಲ್ಲ, ಶೇಂಗಾ ಹೋಳಗಿ ಕಟ್ಟಿ ಕೊಟ್ಟೆ.

ಮರುದಿನ "ಅಣ್ಣಿಗೇರಿ ಮಟ ಹೋಗಿ ಬರೂಣು, ನೀನೂ ಬಾ" ಅಂದ್ರು. ಊರು ದಾಟೂ ತನಕ ಎತ್ತಿನ ಗಾಡಿ ಹಂಗ ಹೊಡದ್ರು. ನಾನು ರಸ್ತಾ ನೋಡಲಿಲ್ಲ, ಬಾನೆಟ್ ನೋಡಕೋತ ಕುಂತಿದ್ದೆ. ಗದಗ–ಹುಬ್ಬಳ್ಳಿ ರಸ್ತಾದಾಗ ಮುಂದ ಒಬ್ಬಾವ ಸೈಕಲ್ ಮ್ಯಾಲ ಬಂದ. ನಮ್ಮವರು ಹಾರ್ನ್ ಹೊಡದು, ದೂರ ಜಾಗಾ ಬಿಟ್ಟು ದಾಟಿದ್ರು. ದಾಟಿದ ಮ್ಯಾಲ ಉಸರು ಬಿಟ್ಟದ್ದು ನನಗ ಕೇಳಿಸಿತು. ನಾನೂ ಬಿಟ್ಟೆ.

ಈಗ ದಿನಾ ಹೊರಡೂಕಿಂತ ಮೊದಲ ಎರಡು ಸಲ ಬಾನೆಟ್ ಜಗ್ಗಿ ನೋಡ್ತಾರ. ನಾನೂ ಹೊಸ್ತಿಲದಾಗ ನಿಂತು ನೋಡ್ತೇನಿ. ನೀವೂ ನಿಮ್ಮ ಮನಿಯವರು ಬಾನೆಟ್ ಮುಚ್ಚೂದನ್ನ ಒಂದು ಸಲ ಕಿವಿಗೊಟ್ಟು ಕೇಳ್ರಿ. ಎರಡೆರಡು ಸಲ ಬಡದು ಮುಚ್ಚತಿದ್ರ, ತಂತಿ, ಹಗ್ಗ ಬಿಗದಿದ್ರ, ಎಲ್ಲೋ ಕೆಳಗ ಏನೋ ಕುಂತೈತಿ ಅಂತ ತಿಳೀರಿ. ನಡೀತೈತಿ ಬಿಡು ಅಂತ ನನ್ನಂಗ ಸುಮ್ಮನ ಇರಬ್ಯಾಡ್ರಿ. ಆ ಹಾಲಿನ ಹುಡುಗ ಉಳದದ್ದು ನಮ್ಮ ಪುಣ್ಯೇ ಹೊರತು ನಮ್ಮ ಶಾಣ್ಯಾತನ ಅಲ್ಲ.